ಕೆರೆಯಂಗಳದ ಪ್ಯಾರಾ ಹುಲ್ಲು ಹಾಲಿನ ದನಕ್ಕೆ ಮೇವಾದೀತೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಕೋಲಾರ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ತುಮಕೂರು ಜಿಲ್ಲೆಗಳ ಎಷ್ಟೋ ಕೆರೆಗಳ ಅಂಚಿನಲ್ಲಿ ಬೇಸಿಗೆಯಲ್ಲೂ ಹಸಿರಾಗಿ ನಿಲ್ಲುವ ದಟ್ಟ ಹುಲ್ಲನ್ನು ಹೈನುಗಾರರು ಹೊರೆಗಟ್ಟಲೆ ಕೊಯ್ದು ಒಯ್ಯುತ್ತಾರೆ. ಈ ಹುಲ್ಲಿನ ದೊಡ್ಡ ಪಾಲು ಹೊರನಾಡಿನಿಂದ ಬಂದ ಪ್ಯಾರಾ ಹುಲ್ಲು. ಕೆರೆ ಕಾಯುವವರಿಗೆ ಇದು ಕಳೆಯಾದರೆ ದನ ಸಾಕುವವರಿಗೆ ಖರ್ಚಿಲ್ಲದ ಹಸಿ ಮೇವು. ಈ ಹುಲ್ಲನ್ನು ದನಕ್ಕೆ ಹಾಕುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಪ್ರಶ್ನೋತ್ತರ ರೂಪದಲ್ಲಿ ಇಲ್ಲಿ ಕೊಡಲಾಗಿದೆ.

ಪ್ಯಾರಾ ಹುಲ್ಲನ್ನು ಗುರುತಿಸುವುದು ಹೇಗೆ?

ಇದು ನೆಲದ ಮೇಲೆ ಅಥವಾ ನೀರಿನ ಮೇಲೆ ಹಂಬಿನಂತೆ ಹರಿದು, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ತುದಿಯಲ್ಲಿ ಒಂದೆರಡು ಮೀಟರ್ ಎತ್ತರಕ್ಕೆ ನೆಟ್ಟಗೆ ಏಳುವ ಬಹುವಾರ್ಷಿಕ ಹುಲ್ಲು. ಹಂಬು ಕೆಲವು ಮೀಟರ್ ಉದ್ದ ಬೆಳೆಯುತ್ತದೆ, ಕಾಂಡದ ಒಳಗೆ ಟೊಳ್ಳು ಇರುತ್ತದೆ. ಗೆಣ್ಣಿನ ಸುತ್ತ ಬಿಳಿಯ ಮೃದು ರೋಮಗಳು ಒತ್ತಾಗಿರುವುದು ಇದರ ಸುಲಭ ಗುರುತು. ಎಲೆ ಸುಮಾರು ಒಂದು ಗೇಣು ಉದ್ದವಿದ್ದು ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲವಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದನ್ನು ಬಹುಕಾಲ ಬ್ರಾಕಿಯಾರಿಯಾ ಮ್ಯುಟಿಕಾ ಎಂದು ಕರೆಯುತ್ತಿದ್ದರು, ಈಗ ಯೂರೋಕ್ಲೋವಾ ಮ್ಯುಟಿಕಾ ಎನ್ನುತ್ತಾರೆ. ಹಳೆಯ ಮೇವಿನ ಕೈಪಿಡಿಗಳಲ್ಲಿ ಹುಡುಕುವವರು ಎರಡೂ ಹೆಸರುಗಳನ್ನು ನೋಡಬೇಕು.

ಕೆರೆಯಲ್ಲಿ ಇದರ ಜೊತೆಗೇ ಜೊಂಡು, ನೀರಿನಲ್ಲಿ ತೇಲುವ ನೇರಳೆ ಹೂವಿನ ಕಳೆ, ಹೊನಗೊನ್ನೆಯ ಜಾತಿಗೆ ಸೇರಿದ ಬಿಳಿ ಹೂವಿನ ಕಳೆ ಮುಂತಾದವೂ ಬೆಳೆದಿರುತ್ತವೆ. ಮುಂದೆ ಹೇಳುವ ಪೋಷಕಾಂಶದ ಲೆಕ್ಕ ಅವಕ್ಕೆ ಅನ್ವಯಿಸುವುದಿಲ್ಲ. ಎಚ್ಚರಿಕೆಯ ಮಾತುಗಳು ಮಾತ್ರ ಕೆರೆಯಿಂದ ಕಿತ್ತು ತರುವ ಎಲ್ಲ ಹಸಿರಿಗೂ ಅನ್ವಯಿಸುತ್ತವೆ.

ಕೃಷಿ ಪುಸ್ತಕಗಳು ಇದನ್ನು ಮೇವಿನ ಬೆಳೆ ಎನ್ನುತ್ತವೆ. ಹಾಗಿದ್ದರೆ ಆಕ್ರಮಣಕಾರಿ ಕಳೆ ಎನ್ನುವುದೇಕೆ?

ಎರಡೂ ನಿಜ. ಇದರ ತವರು ಆಫ್ರಿಕದ ನದಿಬಯಲುಗಳು. ಅಲ್ಲಿಂದ ಬ್ರೆಜಿಲ್ ತಲುಪಿದ ಹುಲ್ಲಿಗೆ ಆ ದೇಶದ ಪಾರಾ ಪ್ರಾಂತದ ಹೆಸರು ಅಂಟಿಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಉಷ್ಣವಲಯದ ದೇಶಗಳೆಲ್ಲ ಇದನ್ನು ದನದ ಮೇವಿಗೆಂದೇ ತರಿಸಿ ನೆಟ್ಟವು, ಭಾರತಕ್ಕೂ ಇದು ಹಾಗೆಯೇ ಬಂದಿತು. ಬೇರೆ ಮೇವಿನ ಬೆಳೆ ಕೊಳೆತುಹೋಗುವ ಜೌಗು ನೆಲದಲ್ಲಿ ಇದು ಸೊಂಪಾಗಿ ಬೆಳೆಯುತ್ತದೆ, ಕತ್ತರಿಸಿದಷ್ಟೂ ಚಿಗುರುತ್ತದೆ, ತುಂಡು ಬಿದ್ದಲ್ಲೆಲ್ಲ ಬೇರೂರುತ್ತದೆ. ಮೇವಿನ ಬೆಳೆಯಾಗಿ ಮೆಚ್ಚುಗೆ ಪಡೆದ ಈ ಗುಣಗಳೇ ಬೇಲಿ ದಾಟಿದ ಮೇಲೆ ಇದನ್ನು ಕಳೆಯನ್ನಾಗಿಸಿದವು.

ಆಸ್ಟ್ರೇಲಿಯದ ಉತ್ತರ ಭಾಗದಲ್ಲಿರುವ ಕಾಕಡು ರಾಷ್ಟ್ರೀಯ ಉದ್ಯಾನದ ಜೌಗು ಬಯಲುಗಳಲ್ಲಿ ಈ ಹುಲ್ಲು ಕಾಡುಭತ್ತವನ್ನು ಅದುಮಿ ಹಬ್ಬಿದೆ. ಆ ಕಾಡುಭತ್ತವನ್ನೇ ನಂಬಿದ ಹಕ್ಕಿಗಳ ಆಹಾರ ಅಷ್ಟರಮಟ್ಟಿಗೆ ಕಡಿಮೆಯಾಗಿದೆ. ನಮ್ಮ ಕೆರೆಗಳಲ್ಲಿ ಇದು ಮಾಡುವ ಹಾನಿಯೂ ಇದೇ ಬಗೆಯದು. ಆಳವಿಲ್ಲದ ಅಂಚಿನಲ್ಲಿ ಬಗೆಬಗೆಯ ಜೇಕು ಮತ್ತು ಹುಲ್ಲುಗಳು ಇರಬೇಕಾದ ಕಡೆ ಒಂದೇ ಹುಲ್ಲಿನ ಚಾಪೆ ಹರಡಿಕೊಳ್ಳುತ್ತದೆ, ಅದರ ಬುಡದಲ್ಲಿ ಹೂಳು ಕಟ್ಟುತ್ತದೆ, ತೂಬು ಮತ್ತು ರಾಜಕಾಲುವೆಯ ಬಾಯಿ ಮುಚ್ಚುತ್ತದೆ, ಒಣಗಿದ ಮೇಲೆ ಬೆಂಕಿಗೆ ಉರುವಲಾಗುತ್ತದೆ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಂಗಳದ ಹುಲ್ಲಿಗೆ ಬೆಂಕಿ ಹತ್ತಿದಾಗ ಅದನ್ನು ಆರಿಸಲು ಸೇನೆಯ ಜವಾನರೂ ಇಳಿಯಬೇಕಾಯಿತು.

ಮೇವಾಗಿ ಇದರ ಸತ್ವವೆಷ್ಟು?

ಎಳೆಯದಾಗಿದ್ದಾಗ ಒಳ್ಳೆಯ ಮೇವು, ಬಲಿತ ಮೇಲೆ ಹುಲ್ಲಿಗಿಂತ ಕಡ್ಡಿಯೇ ಹೆಚ್ಚು. ಹಸಿ ಹುಲ್ಲಿನಲ್ಲಿ ನೀರಿನ ಪಾಲು ಬಹಳವಿದ್ದು ಒಣ ಅಂಶ ಸುಮಾರು ಶೇ. 20ರಷ್ಟು ಮಾತ್ರ ಇರುತ್ತದೆ. ಆ ಒಣ ಅಂಶದಲ್ಲಿ ಕಚ್ಚಾ ಪ್ರೋಟೀನು ಎಳೆಯ ಚಿಗುರಿನಲ್ಲಿ ಶೇ. 10ರಿಂದ 14ರವರೆಗೆ ಇದ್ದು, ಹೂತೆನೆ ಬಂದು ಕಾಂಡ ಗಟ್ಟಿಯಾದಾಗ ಶೇ. 6ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಹಿಂದಿನ ಕೊಯ್ಲಿನ ನಂತರ 30ರಿಂದ 40 ದಿನಗಳ ಚಿಗುರನ್ನು ಕೊಯ್ಯುವುದು ಸರಿಯಾದ ಕ್ರಮ. ತಿಂಗಳುಗಟ್ಟಲೆ ಯಾರೂ ಮುಟ್ಟದ, ಆಳೆತ್ತರ ನಿಂತ ಹುಲ್ಲಿನ ದೊಡ್ಡ ಹೊರೆ ನೋಡಲು ಸಮೃದ್ಧವಾಗಿ ಕಂಡರೂ ಗೋದಲಿಯಲ್ಲಿ ಅರ್ಧಕ್ಕರ್ಧ ಕಡ್ಡಿಯಾಗಿ ಉಳಿಯುತ್ತದೆ.

ಮೇವಿಗೆಂದೇ ಬೆಳೆಸುವ ನೇಪಿಯರ್ ಹೈಬ್ರಿಡ್ ಹುಲ್ಲಿನ ತಳಿಗಳೊಂದಿಗೆ ಹೋಲಿಸಿದರೆ ಒಳ್ಳೆಯ ನೆಲದಲ್ಲಿ ಇಳುವರಿಯಲ್ಲಿ ಇದು ಹಿಂದೆ ಬೀಳುತ್ತದೆ. ನೀರು ನಿಂತ ನೆಲದಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ.

ಒಂದು ಹಸುವಿಗೆ ದಿನಕ್ಕೆ ಎಷ್ಟು ಹಾಕಬಹುದು?

ಶುದ್ಧ ನೀರಿನಲ್ಲಿ ಬೆಳೆದ ಹುಲ್ಲೆಂದು ಖಚಿತವಿದ್ದರೆ, 400 ಕಿಲೋ ತೂಕದ ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕಿಲೋ ಹಸಿ ಹುಲ್ಲನ್ನು ಎರಡು ಮೂರು ಸಲವಾಗಿ ಕೊಡಬಹುದು. ಇಂಥ ಹಸುವಿಗೆ ದಿನಕ್ಕೆ ಸುಮಾರು 10ರಿಂದ 12 ಕಿಲೋ ಒಣ ಅಂಶ ಬೇಕು. 25 ಕಿಲೋ ಹಸಿ ಹುಲ್ಲಿನಿಂದ ದೊರೆಯುವುದು 5 ಕಿಲೋ ಮಾತ್ರ. ಉಳಿದದ್ದು 3 ಕಿಲೋ ರಾಗಿ ಹುಲ್ಲು ಮತ್ತು ಹಾಲಿನ ಪ್ರಮಾಣಕ್ಕೆ ತಕ್ಕಷ್ಟು ಹಿಂಡಿಯಿಂದ ಬರಬೇಕು. ಹಿಂಡಿಯ ಸಾಮಾನ್ಯ ಲೆಕ್ಕವೆಂದರೆ ದೇಹಪೋಷಣೆಗೆ ಒಂದರಿಂದ ಒಂದೂವರೆ ಕಿಲೋ, ಅದರ ಮೇಲೆ ಹಸುವಾದರೆ ಪ್ರತಿ ಎರಡೂವರೆ ಲೀಟರಿಗೆ, ಎಮ್ಮೆಯಾದರೆ ಪ್ರತಿ ಎರಡು ಲೀಟರಿಗೆ ಒಂದು ಕಿಲೋ. ಹಸಿ ಹುಲ್ಲು ಹೊಟ್ಟೆ ತುಂಬಿಸಿತೆಂದು ರಾಗಿ ಹುಲ್ಲನ್ನು ಕೈಬಿಡುವ ರೂಢಿ ಕೆಲವೆಡೆ ಇದೆ. ಹೀಗೆ ಮಾಡಿದರೆ ನಾರಿನಂಶ ಸಾಲದೆ ಸಗಣಿ ನೀರಾಗುತ್ತದೆ, ಹಾಲಿನ ಕೊಬ್ಬೂ ಇಳಿಯುತ್ತದೆ.

ಇದರೊಂದಿಗೆ ದ್ವಿದಳ ಮೇವು ಸ್ವಲ್ಪ ಸೇರಿದರೆ ಪ್ರೋಟೀನಿನ ಕೊರತೆ ನೀಗುತ್ತದೆ. ಕುದುರೆ ಮಸಾಲೆ ಸೊಪ್ಪು, ಅಲಸಂದೆ, ಅಗಸೆ ಸೊಪ್ಪು, ಬಾಡಿಸಿದ ಗ್ಲಿರಿಸಿಡಿಯಾ ಇವುಗಳಲ್ಲಿ ಕೈಗೆ ಸಿಕ್ಕಿದ್ದು ಸಾಕು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ಮಾತ್ರ ತಪ್ಪಿಸಬಾರದು. ಪ್ಯಾರಾ ಹುಲ್ಲಿನಲ್ಲಿರುವ ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಕರು ಹಾಕಿದ ಹೊಸದರಲ್ಲಿ ಹೆಚ್ಚು ಹಾಲು ಕೊಡುವ ಹಸುವಿಗೆ ಈ ಕೊರತೆ ಬೇಗ ತಟ್ಟುತ್ತದೆ.

ಹೊಸದಾಗಿ ಆರಂಭಿಸುವಾಗ ಮೊದಲ ದಿನ ನಾಲ್ಕೈದು ಕಿಲೋ ಕೊಟ್ಟು, ಒಂದೆರಡು ವಾರಗಳಲ್ಲಿ ಪೂರ್ಣ ಪ್ರಮಾಣಕ್ಕೆ ಏರಿಸಬೇಕು. ಕೊಯ್ದು ತಂದ ಹುಲ್ಲನ್ನು ಅರ್ಧ ದಿನ ಹರಡಿ ಬಾಡಿಸಿ, ಎರಡು ಮೂರು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ರಾಗಿ ಹುಲ್ಲಿನೊಂದಿಗೆ ಬೆರೆಸಿ ಹಾಕಿದರೆ ಹೊಟ್ಟೆಯುಬ್ಬರದ ಭಯವೂ ಕಡಿಮೆ, ಆರಿಸಿ ತಿನ್ನುವ ಚಾಳಿಯೂ ಕಡಿಮೆ. ಹುಲ್ಲನ್ನು ರಾಶಿ ಹಾಕಿ ರಾತ್ರಿಯಿಡೀ ಬಿಸಿಯೇರಲು ಬಿಡಬಾರದು. ಇದರ ಕಾರಣ ನೈಟ್ರೇಟಿನ ಪ್ರಶ್ನೆಯಲ್ಲಿದೆ.

ನಮ್ಮ ಕೆರೆಗೆ ಊರಿನ ಕೊಳಚೆ ಸೇರುತ್ತದೆ. ಅಲ್ಲಿನ ಹುಲ್ಲು ಕೊಡಬಹುದೇ?

ಈ ಪುಟದ ಉಳಿದೆಲ್ಲ ಉತ್ತರಗಳಿಗಿಂತ ಇದು ಮುಖ್ಯ. ಹುಲ್ಲು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅದು ನಿಂತ ನೀರು ನಿರ್ಧರಿಸುತ್ತದೆ. ಪ್ಯಾರಾ ಹುಲ್ಲು ನೀರು ಮತ್ತು ಕೆಸರಿನಲ್ಲಿ ಕರಗಿದ್ದನ್ನು ಧಾರಾಳವಾಗಿ ಹೀರಿಕೊಳ್ಳುವ ಸಸ್ಯ. ಒಡಿಶಾದ ಸುಕಿಂದಾ ಗಣಿ ಪ್ರದೇಶದ ನೀರಿನಿಂದ ಕ್ರೋಮಿಯಂ ತೆಗೆಯಲು ಸಾಧ್ಯವೇ ಎಂದು ಪರೀಕ್ಷಿಸಿದ ಸಸ್ಯಗಳಲ್ಲಿ ಇದೂ ಒಂದು. ವಿಷದ ಲೋಹವನ್ನು ನೀರಿನಿಂದ ಹೀರಿ ತೆಗೆಯಲು ಯೋಗ್ಯವೆಂದು ವಿಜ್ಞಾನಿಗಳು ಆರಿಸಿಕೊಳ್ಳುವ ಗಿಡವನ್ನು, ಅಂಥದೇ ನೀರಿನಿಂದ ಕೊಯ್ದು ಹಾಲಿನ ದನಕ್ಕೆ ಹಾಕುವುದರಲ್ಲಿ ಅರ್ಥವಿಲ್ಲ.

ಕೊಳಚೆಯಲ್ಲೂ ಎರಡು ಬಗೆಯಿದೆ. ಮನೆಗಳಿಂದ ಬರುವ ಕೊಳಚೆಯಲ್ಲಿ ಸಾರಜನಕ, ರಂಜಕ, ಸಾಬೂನಿನಂಶ ಮತ್ತು ರೋಗಾಣುಗಳು ಹೆಚ್ಚು. ಕಾರ್ಖಾನೆ, ಲೋಹಲೇಪನದ ಘಟಕ, ಬಣ್ಣದ ಘಟಕ, ಬ್ಯಾಟರಿ ಮತ್ತು ಗ್ಯಾರೇಜುಗಳ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಮುಂತಾದ ಲೋಹಗಳು ಸೇರುತ್ತವೆ. ಬೆಂಗಳೂರಿನಂಥ ನಗರದಲ್ಲಿ ಇವೆರಡೂ ಒಂದೇ ಕಾಲುವೆಯಲ್ಲಿ ಹರಿಯುತ್ತವೆ. ವೃಷಭಾವತಿಯು ಕೈಗಾರಿಕಾ ಪ್ರದೇಶಗಳ ನೀರನ್ನೂ ಹೊತ್ತು ಬಿಡದಿ ಬಳಿಯ ಬೈರಮಂಗಲ ಜಲಾಶಯ ಸೇರುತ್ತದೆ, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು ದಶಕಗಳ ಕಾಲ ನಗರದ ಕೊಳಚೆಯನ್ನು ನುಂಗಿವೆ. ಇಂಥ ಕಡೆ ಈಗ ನೀರು ಸುಧಾರಿಸಿದಂತೆ ಕಂಡರೂ ಲೋಹಗಳು ತಳದ ಕೆಸರಿನಲ್ಲೇ ಉಳಿದಿರುತ್ತವೆ, ಹುಲ್ಲಿನ ಬೇರಿರುವುದೂ ಆ ಕೆಸರಿನಲ್ಲೇ.

ದನದ ಮೈಯಲ್ಲಿ ಈ ಲೋಹಗಳು ಒಂದೊಂದು ಕಡೆ ನೆಲೆ ನಿಲ್ಲುತ್ತವೆ. ಕ್ಯಾಡ್ಮಿಯಂ ಮೂತ್ರಪಿಂಡ ಮತ್ತು ಯಕೃತ್ತಿನಲ್ಲಿ ವರ್ಷಗಟ್ಟಲೆ ಸಂಗ್ರಹವಾಗುತ್ತದೆ, ಸೀಸ ಮೂಳೆಯಲ್ಲಿ ಕೂತು ನಿಧಾನವಾಗಿ ರಕ್ತಕ್ಕೆ ಮರಳುತ್ತಿರುತ್ತದೆ. ಹಾಲಿಗೆ ಬರುವ ಪಾಲು ಇವೆರಡರಲ್ಲೂ ಚಿಕ್ಕದೆಂಬುದು ನಿಜ. ಆದರೆ ಸೀಸಕ್ಕೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡವು ಹಾಲಿನಲ್ಲಿ ಅನುಮತಿಸುವ ಮಿತಿಯೂ ಕಿಲೋಗೆ 0.02 ಮಿಲಿಗ್ರಾಂ ಮಾತ್ರ. ಹಾಲನ್ನು ಹೆಚ್ಚು ಕುಡಿಯುವವರು ಮಕ್ಕಳು, ಸೀಸದಿಂದ ಹೆಚ್ಚು ಹಾನಿಗೊಳಗಾಗುವವರೂ ಅವರೇ. ದನಕ್ಕೆ ಕಾಯಿಲೆಯ ಯಾವ ಲಕ್ಷಣವೂ ಕಾಣದೆ ವರ್ಷಗಳು ಕಳೆಯಬಹುದು. ‘ಇಷ್ಟು ವರ್ಷ ಹಾಕಿದ್ದೇವೆ, ಏನೂ ಆಗಿಲ್ಲ’ ಎಂಬ ಸಮಾಧಾನ ಆದ್ದರಿಂದ ನಿಲ್ಲುವುದಿಲ್ಲ.

ಪಾಲಿಸಬಹುದಾದ ನಿಯಮ ಹೀಗಿದೆ. ಕಾರ್ಖಾನೆಯ ನೀರು ಸೇರುವ, ಹಿಂದೆ ಸೇರುತ್ತಿದ್ದ, ಅಥವಾ ನೊರೆ ಬರುವ ಕೆರೆಯ ಹುಲ್ಲು ಮೇವಿಗೆ ಬೇಡವೇ ಬೇಡ. ಮನೆಗಳ ಕೊಳಚೆ ಮಾತ್ರ ಸೇರುವ ಕಡೆಯ ಹುಲ್ಲನ್ನು ಪರೀಕ್ಷೆ ಮಾಡಿಸಿಯೇ, ಅದೂ ಸಣ್ಣ ಪ್ರಮಾಣದಲ್ಲಿ ಬಳಸಬೇಕು. ಮಳೆನೀರಿನಿಂದ ತುಂಬುವ ಹಳ್ಳಿಯ ಕೆರೆ, ಗದ್ದೆಯ ಬದು, ತೋಟದ ಬಸಿಗಾಲುವೆಗಳಲ್ಲಿ ಬೆಳೆದದ್ದನ್ನು ಮುಂದೆ ಹೇಳುವ ಎಚ್ಚರಿಕೆಗಳೊಂದಿಗೆ ಬಳಸಬಹುದು. ಹೆದ್ದಾರಿಯ ಚರಂಡಿಯ ಹುಲ್ಲನ್ನು ಮಾತ್ರ ಮೊದಲ ಗುಂಪಿಗೇ ಸೇರಿಸುವುದು ವಿವೇಕ.

ಚೆನ್ನಾಗಿ ತೊಳೆದರೆ, ಬಿಸಿಲಿನಲ್ಲಿ ಒಣಗಿಸಿದರೆ ಸಾಲದೇ?

ಎಲೆಯ ಮೇಲಿನ ಕೆಸರು, ಎಣ್ಣೆ, ಒಂದಷ್ಟು ರೋಗಾಣುಗಳು ತೊಳೆದರೆ ಹೋಗುತ್ತವೆ. ಬಿಸಿಲು ಜಂತುಗಳ ಮರಿಹಂತಗಳನ್ನು ಕೊಲ್ಲುತ್ತದೆ. ಎಲೆ ಮತ್ತು ಕಾಂಡದೊಳಗೆ ಸೇರಿಕೊಂಡ ಲೋಹವನ್ನು ತೊಳೆಯಲೂ ಆಗದು, ಒಣಗಿಸಲೂ ಆಗದು, ರಸಮೇವು (ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ಮೇವು, ಸೈಲೇಜ್) ಮಾಡಿ ಕರಗಿಸಲೂ ಆಗದು. ಒಣಗಿಸಿದಾಗ ನೀರು ಹೋಗಿ ಲೋಹ ಉಳಿಯುವುದರಿಂದ ಕಿಲೋ ಲೆಕ್ಕದಲ್ಲಿ ಅದರ ಪ್ರಮಾಣ ಹೆಚ್ಚಾಗಿಯೇ ತೋರುತ್ತದೆ.

ಕೆ.ಸಿ. ವ್ಯಾಲಿ ಯೋಜನೆಯಿಂದ ತುಂಬಿದ ಕೋಲಾರದ ಕೆರೆಗಳ ಹುಲ್ಲಿನ ಬಗ್ಗೆ ಏನು ಹೇಳಬಹುದು?

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆಲಸ 2018ರಲ್ಲಿ ಆರಂಭವಾಯಿತು. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಎರಡನೇ ಹಂತದ ಸಂಸ್ಕರಣೆಯ ಮುಖ್ಯ ಗುರಿ ಕೊಳೆಯುವ ಸಾವಯವ ಅಂಶವನ್ನು ತೆಗೆಯುವುದು. ಕರಗಿದ ಸಾರಜನಕ ಮತ್ತು ರಂಜಕ ಸಾಕಷ್ಟು ಉಳಿದೇ ಇರುತ್ತವೆ, ಇಂಥ ನೀರಿನಲ್ಲಿ ಪ್ಯಾರಾ ಹುಲ್ಲು ಹುಲುಸಾಗಿ ಬೆಳೆಯುತ್ತದೆ. ವರ್ಷಗಟ್ಟಲೆ ಬತ್ತಿದ್ದ ಕೆರೆಗಳಲ್ಲಿ ನೀರು ನಿಂತು ಅಂತರ್ಜಲ ಏರಿದ್ದನ್ನು ರೈತರು ಸ್ವಾಗತಿಸಿದ್ದಾರೆ, ಅದು ಸಹಜ. ಕೋಲಾರದಂಥ ಹೈನುಗಾರಿಕೆಯ ಜಿಲ್ಲೆಯಲ್ಲಿ ಆ ಕೆರೆಗಳ ಅಂಚಿನ ಹುಲ್ಲು ಮಾತ್ರ ಪರೀಕ್ಷೆಯ ನಂತರ ಬಳಸಬೇಕಾದ ಎರಡನೇ ಗುಂಪಿಗೆ ಸೇರಬೇಕು. ನೈಟ್ರೇಟಿನ ಪರೀಕ್ಷೆಯನ್ನು ಮೊದಲು ಮಾಡಿಸಬೇಕು.

ನೈಟ್ರೇಟ್ ವಿಷ ಎಂದರೇನು? ಗುರುತಿಸುವುದು ಹೇಗೆ?

ಸಾರಜನಕ ಹೆಚ್ಚಿರುವ ನೀರಿನಲ್ಲಿ ಬೆಳೆದ ಹುಲ್ಲು ಅದನ್ನು ನೈಟ್ರೇಟ್ ರೂಪದಲ್ಲಿ ಕಾಂಡದಲ್ಲಿ ಕೂಡಿಡುತ್ತದೆ. ಬಿಸಿಲು ಚೆನ್ನಾಗಿದ್ದರೆ ಗಿಡ ಅದನ್ನು ಪ್ರೋಟೀನಾಗಿ ಬದಲಿಸಿಕೊಳ್ಳುತ್ತದೆ. ಮೋಡ ಮುಚ್ಚಿದ ದಿನಗಳಲ್ಲಿ, ಬರದ ನಂತರ ಮೊದಲ ಮಳೆ ಬಿದ್ದಾಗ ಈ ಕೆಲಸ ನಿಧಾನವಾಗಿ ನೈಟ್ರೇಟ್ ಉಳಿದುಬಿಡುತ್ತದೆ. ದನದ ದೊಡ್ಡ ಹೊಟ್ಟೆಯಲ್ಲಿ ಅದು ನೈಟ್ರೈಟಾಗಿ, ರಕ್ತಕ್ಕೆ ಸೇರಿ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಹಸಿ ಹುಲ್ಲನ್ನು ರಾಶಿ ಹಾಕಿ ಬಿಸಿಯೇರಲು ಬಿಟ್ಟರೆ ಈ ಬದಲಾವಣೆ ರಾಶಿಯಲ್ಲೇ ಶುರುವಾಗುತ್ತದೆ, ಅಂಥ ಹುಲ್ಲು ಇನ್ನೂ ಅಪಾಯಕಾರಿ.

ಹುಲ್ಲು ತಿಂದ ಕೆಲವೇ ಗಂಟೆಗಳಲ್ಲಿ ಉಸಿರಾಟ ವೇಗವಾಗುತ್ತದೆ, ದನ ತೂರಾಡುತ್ತದೆ, ಬಾಯಿ ಮತ್ತು ಯೋನಿಯ ಒಳಪದರ ಕಂದು ಬಣ್ಣಕ್ಕೆ ತಿರುಗುತ್ತದೆ, ರಕ್ತ ಚಾಕೊಲೇಟ್ ಬಣ್ಣಕ್ಕೆ ಬರುತ್ತದೆ. ಎಳೆ ಜೋಳದ ಸಯನೈಡ್ ವಿಷದಲ್ಲಿ ರಕ್ತ ಕಡುಕೆಂಪಾಗಿ ಹೊಳೆಯುತ್ತದೆ. ಇವೆರಡರ ಚಿಕಿತ್ಸೆ ಬೇರೆಬೇರೆಯಾದ್ದರಿಂದ ಈ ವ್ಯತ್ಯಾಸವನ್ನು ವೈದ್ಯರಿಗೆ ಫೋನಿನಲ್ಲೇ ತಿಳಿಸಿದರೆ ಅನುಕೂಲ. ನೈಟ್ರೇಟ್ ವಿಷಕ್ಕೆ ಮೆಥಿಲೀನ್ ಬ್ಲೂ ಚುಚ್ಚುಮದ್ದನ್ನು ಪಶುವೈದ್ಯರು ರಕ್ತನಾಳದ ಮೂಲಕ ಕೊಡುತ್ತಾರೆ. ಅವರು ಬರುವವರೆಗೆ ಮಾಡಬೇಕಾದದ್ದು ಇಷ್ಟೇ: ಗೋದಲಿಯಿಂದ ಆ ಹುಲ್ಲನ್ನು ತೆಗೆಯುವುದು, ದನವನ್ನು ಓಡಾಡಿಸದೆ, ಗಾಬರಿಪಡಿಸದೆ ನೆರಳಿನಲ್ಲಿ ಇರಿಸುವುದು. ಸಂಚಾರಿ ಪಶು ಚಿಕಿತ್ಸಾಲಯವನ್ನು 1962 ಸಂಖ್ಯೆಗೆ ಕರೆಮಾಡಿ ಕರೆಸಬಹುದು. ಬದುಕುಳಿದ ಗಬ್ಬದ ಹಸುವಿಗೆ ಕೆಲವು ದಿನಗಳ ನಂತರ ಗರ್ಭಪಾತವಾಗುವುದುಂಟು.

ಪರೀಕ್ಷೆಯಲ್ಲಿ ನೈಟ್ರೇಟ್ ಅಂಶ ಒಣ ತೂಕದ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಅದನ್ನು ದಾಟಿದರೆ ಬೇರೆ ಮೇವಿನೊಂದಿಗೆ ಬೆರೆಸಿ ಒಟ್ಟು ಆಹಾರದ ಅರ್ಧಕ್ಕಿಂತ ಕಡಿಮೆ, ಶೇ. 1ರ ಹತ್ತಿರ ಬಂದರೆ ಮೂರನೇ ಒಂದು ಭಾಗದೊಳಗೆ ಇರಿಸಬೇಕು. ಶೇ. 1.5 ಮೀರಿದ್ದನ್ನು ಕೊಡಲೇಬಾರದು. ಗಬ್ಬದ ಹಸುವಿಗೆ ಇನ್ನೂ ಬಿಗಿಯಾದ ಮಿತಿ ಬೇಕು. ನೈಟ್ರೇಟ್ ಬುಡದ ಕಾಂಡದಲ್ಲಿ ಹೆಚ್ಚು, ಎಲೆಯಲ್ಲಿ ಕಡಿಮೆ. ಕೆಳಗಿನ ಮೂರನೇ ಒಂದು ಭಾಗವನ್ನು ಬಿಟ್ಟು ಕೊಯ್ಯುವುದರಿಂದಲೇ ಅಪಾಯ ಬಹಳಷ್ಟು ತಗ್ಗುತ್ತದೆ. ಹಸಿದ ದನಕ್ಕೆ ಮೊದಲು ಈ ಹುಲ್ಲನ್ನು ಹಾಕದೆ, ಒಣಹುಲ್ಲು ತಿನ್ನಿಸಿ ನಂತರ ಕೊಡಬೇಕು.

ಕೆರೆ ಹುಲ್ಲಿನಿಂದ ಜಂತು ಬರುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ಯಕೃತ್ತಿನ ಚಪ್ಪಟೆ ಹುಳು ಮತ್ತು ದೊಡ್ಡ ಹೊಟ್ಟೆಯ ಚಪ್ಪಟೆ ಹುಳುಗಳು ತಮ್ಮ ಬಾಳಿನ ಒಂದು ಹಂತವನ್ನು ನೀರಿನ ಬಸವನಹುಳುವಿನಲ್ಲಿ ಕಳೆದು, ಹೊರಬಂದು ಹುಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಾಗಿ ಅಂಟಿಕೊಳ್ಳುತ್ತವೆ. ಒದ್ದೆಯಿದ್ದಷ್ಟು ಕಾಲ ಆ ಕೋಶಗಳು ವಾರಗಟ್ಟಲೆ ಬದುಕಿರುತ್ತವೆ, ನೀರಿನ ಮಟ್ಟಕ್ಕೆ ಹತ್ತಿರವಿರುವ ಕಾಂಡದಲ್ಲಿ ಅವು ಹೆಚ್ಚು. ಗದ್ದದ ಕೆಳಗೆ ನೀರು ತುಂಬಿದ ಬಾವು, ಬಿಳಿಚಿದ ಕಣ್ಣು, ನಿಲ್ಲದ ಭೇದಿ ಮತ್ತು ಕಾರಣವಿಲ್ಲದೆ ಇಳಿಯುವ ಹಾಲು ಇದರ ಲಕ್ಷಣಗಳು. ನೀರಿನ ಮಟ್ಟದಿಂದ ಒಂದು ಗೇಣು ಮೇಲೆ ಕೊಯ್ಯುವುದು ಮತ್ತು ಬಿಸಿಲಿನಲ್ಲಿ ಬಾಡಿಸುವುದು ಮನೆಯಲ್ಲೇ ಸಾಧ್ಯವಿರುವ ರಕ್ಷಣೆ. ಜಂತುನಾಶಕವನ್ನು ಸಗಣಿ ಪರೀಕ್ಷೆಯ ನಂತರ ವೈದ್ಯರು ಹೇಳಿದಂತೆ ಕೊಡಬೇಕು. ಸಾಮಾನ್ಯ ಜಂತಿನ ಎಲ್ಲ ಔಷಧಿಗಳೂ ಚಪ್ಪಟೆ ಹುಳುವನ್ನು ಕೊಲ್ಲುವುದಿಲ್ಲ, ಕೆಲವು ಔಷಧಿಗಳು ಗಬ್ಬದ ಆರಂಭದಲ್ಲಿ ಸಲ್ಲವು.

ದನವನ್ನು ಕೆರೆಗೇ ಇಳಿಸಿ ಮೇಯಿಸಿದರೆ ಇನ್ನೊಂದು ತೊಂದರೆಯಿದೆ. ಗೊರಕೆ ರೋಗಕ್ಕೆ ಕಾರಣವಾದ ಹುಳು ನೀರಿನಲ್ಲಿ ನಿಂತ ದನದ ಚರ್ಮದ ಮೂಲಕ ಒಳಹೊಕ್ಕು ಮೂಗಿನ ರಕ್ತನಾಳಗಳಲ್ಲಿ ನೆಲೆಸುತ್ತದೆ. ಕೊಯ್ದು ತಂದು ಕೊಟ್ಟಿಗೆಯಲ್ಲಿ ಹಾಕುವ ಕ್ರಮ ಇದನ್ನು ತಪ್ಪಿಸುತ್ತದೆ.

ರಸಮೇವು ಅಥವಾ ಒಣಹುಲ್ಲು ಮಾಡಿ ಇಟ್ಟುಕೊಳ್ಳಬಹುದೇ?

ಕಾಂಡ ದಪ್ಪ ಮತ್ತು ನೀರಿನಂಶ ಹೆಚ್ಚಾದ್ದರಿಂದ ಒಣಹುಲ್ಲು ಮಾಡುವುದು ಕಷ್ಟ. ಎಲೆ ಪುಡಿಯಾಗುವ ಹೊತ್ತಿಗೂ ಕಾಂಡ ಹಸಿಯಾಗಿಯೇ ಇರುತ್ತದೆ, ಒಳಗೆ ಬೂಸ್ಟು ಹಿಡಿಯುತ್ತದೆ. ಒಣಗಿಸಿದರೆ ನೈಟ್ರೇಟ್ ಕಡಿಮೆಯಾಗುವುದೂ ಇಲ್ಲ.

ರಸಮೇವು ಇದಕ್ಕಿಂತ ಒಳ್ಳೆಯ ದಾರಿ. ಕೊಯ್ದ ಹುಲ್ಲನ್ನು ಒಣ ಅಂಶ ಶೇ. 30ರಷ್ಟಕ್ಕೆ ಬರುವವರೆಗೆ ಬಾಡಿಸಿ, ಸಣ್ಣಗೆ ಕತ್ತರಿಸಿ, ಶೇ. 2ರಿಂದ 3ರಷ್ಟು ಕಾಕಂಬಿಯನ್ನು ನೀರಿನಲ್ಲಿ ಕದಡಿ ಚಿಮುಕಿಸಿ, ಗಾಳಿಯಿಲ್ಲದಂತೆ ತುಳಿದು ಚೀಲ ಅಥವಾ ಗುಂಡಿಯಲ್ಲಿ ಮುಚ್ಚಬೇಕು. ಈ ಹುಲ್ಲಿನಲ್ಲಿ ಸ್ವಂತದ ಸಕ್ಕರೆಯಂಶ ಕಡಿಮೆಯಿರುವುದರಿಂದ ಕಾಕಂಬಿ ಬಿಟ್ಟರೆ ಹುದುಗು ಕೆಟ್ಟು ದುರ್ವಾಸನೆ ಬರುತ್ತದೆ. ಒಂದೂವರೆ ತಿಂಗಳ ನಂತರ ತೆಗೆಯಬಹುದು. ಹುದುಗುವಾಗ ನೈಟ್ರೇಟಿನ ಅರ್ಧದಷ್ಟು ನಾಶವಾಗುವುದು ದೊಡ್ಡ ಲಾಭ. ಅದರ ಒಂದು ಭಾಗ ವಿಷಾನಿಲವಾಗಿ ಹೊರಬರುವುದರಿಂದ ಮೊದಲ ವಾರಗಳಲ್ಲಿ ಆಳದ ಗುಂಡಿಗೆ ಯಾರೂ ಇಳಿಯಬಾರದು, ಹಳದಿ ಅಥವಾ ಕಂದು ಹೊಗೆ ಕಂಡರೆ ದನ ಮತ್ತು ಮಕ್ಕಳನ್ನು ದೂರ ಕಳುಹಿಸಬೇಕು.

ಎಮ್ಮೆ, ಮೇಕೆ, ಕುರಿ, ಕುದುರೆಗಳಿಗೆ?

ಎಮ್ಮೆ ಇದನ್ನು ಇಷ್ಟಪಟ್ಟು ತಿನ್ನುತ್ತದೆ, ಬಲಿತ ಕಡ್ಡಿಯನ್ನೂ ಹಸುವಿಗಿಂತ ಚೆನ್ನಾಗಿ ಬಳಸಿಕೊಳ್ಳುತ್ತದೆ. ಮೇಕೆ, ಕುರಿಗಳಿಗೆ ಬಾಡಿಸಿದ ಎಳೆ ಎಲೆಯನ್ನು ಸ್ವಲ್ಪ ಕೊಡಬಹುದು. ಕುದುರೆಗೆ ಇದನ್ನೇ ಮುಖ್ಯ ಮೇವು ಮಾಡಬಾರದು. ಆಕ್ಸಲೇಟಿನಿಂದ ಸುಣ್ಣದಂಶ ಕೊರತೆಯಾಗಿ ಮುಖದ ಮೂಳೆ ಊದುವ ಕಾಯಿಲೆ ಬರುತ್ತದೆ.

ದನಕ್ಕೆಂದು ಕೊಯ್ಯುತ್ತಲೇ ಇದ್ದರೆ ಕೆರೆಯಿಂದ ಈ ಹುಲ್ಲು ತೊಲಗುವುದೇ?

ತೊಲಗುವುದಿಲ್ಲ, ಹತೋಟಿಯಲ್ಲಿರುತ್ತದೆ. ಮೇವಿಗೆ ಅನುಕೂಲವಾದ ಕೊಯ್ಲು, ಅಂದರೆ ಬುಡ ಬಿಟ್ಟು ತಿಂಗಳಿಗೊಮ್ಮೆ ಕೊಯ್ಯುವುದು, ಹುಲ್ಲಿಗೂ ಅನುಕೂಲವೇ. ತೊಲಗಿಸುವ ಉದ್ದೇಶವಿದ್ದರೆ ಬೇಸಿಗೆಯ ಕೊನೆಯಲ್ಲಿ ನೆಲಮಟ್ಟಕ್ಕೆ ಕೊಯ್ದು, ಮಳೆಗಾಲದ ನೀರು ಕೂಳೆಯನ್ನು ಮುಳುಗಿಸುವಂತೆ ನೋಡಿಕೊಂಡು, ಉಳಿದ ಹಂಬುಗಳನ್ನು ಬೇರುಸಹಿತ ಎಳೆದು ತೆಗೆಯಬೇಕು. ಹೀಗೆ ಬುಡಸಮೇತ ತೆಗೆದದ್ದು ಮೇವಿಗೆ ಹೇಳಿದ್ದಲ್ಲ, ಗೊಬ್ಬರದ ಗುಂಡಿಗೆ ಹೋಗಬೇಕು. ಕಳೆನಾಶಕ ಹೊಡೆದ ಹುಲ್ಲನ್ನಂತೂ ದನದ ಹತ್ತಿರ ತರಬಾರದು.

ಆದರೂ ಮೇಯುವ ಬಾಯಿಗಳು ಒಮ್ಮೆಲೇ ಇಲ್ಲವಾದರೆ ಏನಾಗುತ್ತದೆಂಬುದನ್ನು ಭರತಪುರದ ಅನುಭವ ಹೇಳುತ್ತದೆ. ರಾಜಸ್ಥಾನದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ 1982ರಲ್ಲಿ ಎಮ್ಮೆಗಳ ಮೇಯುವಿಕೆಯನ್ನು ನಿಷೇಧಿಸಿದಾಗ ಸುತ್ತಲ ಹಳ್ಳಿಗರು ಪ್ರತಿಭಟಿಸಿದರು, ಗೋಲಿಬಾರಿನಲ್ಲಿ ಜನ ಸತ್ತರು. ಆಮೇಲಿನ ವರ್ಷಗಳಲ್ಲಿ ಪಾಸ್ಪಾಲಂ ಎಂಬ ನೀರಂಚಿನ ಹುಲ್ಲು ಎಗ್ಗಿಲ್ಲದೆ ಬೆಳೆದು ಹಕ್ಕಿಗಳಿಗೆ ಬೇಕಾದ ತೆರೆದ ನೀರನ್ನೇ ಮುಚ್ಚಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಎಮ್ಮೆಗಳ ಮೇಯುವಿಕೆಯಿಂದ ಆ ಜೌಗಿಗೆ ಉಪಕಾರವೇ ಆಗುತ್ತಿತ್ತೆಂದು ಕಂಡುಕೊಂಡಿತು, ಕೊನೆಗೆ ಹಳ್ಳಿಗರಿಗೆ ಹುಲ್ಲು ಕೊಯ್ದೊಯ್ಯಲು ಅವಕಾಶ ಕೊಡಲಾಯಿತು. ಕಾಕಡುವಿನಲ್ಲೂ ಕಾಡೆಮ್ಮೆಯಾಗಿ ಅಲೆಯುತ್ತಿದ್ದ ಏಷ್ಯಾದ ನೀರೆಮ್ಮೆಗಳನ್ನು ತೆಗೆದ ಮೇಲೆ ಪ್ಯಾರಾ ಹುಲ್ಲು ಇನ್ನಷ್ಟು ಹಬ್ಬಿತು. ಕೆರೆಗೆ ಬೇಲಿ ಸುತ್ತಿ, ಹುಲ್ಲು ಕೊಯ್ಯುವವರನ್ನು ಹೊರಗಿಟ್ಟು, ಆಮೇಲೆ ಲಕ್ಷಾಂತರ ರೂಪಾಯಿ ತೆತ್ತು ಯಂತ್ರಗಳಿಂದ ಕಳೆ ತೆಗೆಸುವ ನಮ್ಮ ನಗರಗಳ ಕ್ರಮವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಯೋಚಿಸಬೇಕಾಗಿದೆ.

ಇಷ್ಟು ಸುಲಭವಾಗಿ ಬೆಳೆಯುವುದಾದರೆ ನಮ್ಮ ಜಮೀನಿನಲ್ಲೇ ನೆಟ್ಟುಕೊಳ್ಳಬಹುದಲ್ಲವೇ?

ನೆಡಬೇಡಿ ಎಂಬುದು ಈ ಪುಟದ ಸಲಹೆ. ಈಗಾಗಲೇ ಬೆಳೆದದ್ದನ್ನು ಬಳಸುವುದು ಬೇರೆ, ಹೊಸದಾಗಿ ಹಬ್ಬಿಸುವುದು ಬೇರೆ. ಈ ಹುಲ್ಲಿನ ಬೀಜ ಮೊಳೆಯುವುದು ಕಡಿಮೆ, ಹರಡುವುದೆಲ್ಲ ಕಾಂಡದ ತುಂಡುಗಳಿಂದ. ನಿಮ್ಮ ಜಮೀನಿನಿಂದ ಒಂದು ಮಳೆಗೆ ಕೊಚ್ಚಿಹೋದ ಗೆಣ್ಣು ಕೆಳಗಿನ ಗದ್ದೆಯಲ್ಲೋ ಕಾಲುವೆಯಲ್ಲೋ ಬೇರೂರಿದರೆ ಅದರ ಹೊರೆ ನೆರೆಯವರ ಪಾಲಿಗೆ. ನೀರಾವರಿ ಇರುವವರಿಗೆ ಸಿಒ-4, ಸಿಒ-5ರಂಥ ನೇಪಿಯರ್ ಹೈಬ್ರಿಡ್‌ಗಳು, ಹಲವು ಕೊಯ್ಲಿನ ಮೇವಿನ ಜೋಳ ಮುಂತಾದ ಉತ್ತಮ ಆಯ್ಕೆಗಳಿವೆ. ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ತಳಿಗಳ ಬಗ್ಗೆ ವಿಚಾರಿಸಬಹುದು. ಕೆರೆಯಿಂದ ತಂದ ಹುಲ್ಲಿನ ಉಳಿಕೆಯನ್ನೂ ಹಾಗೆಯೇ ತಿಪ್ಪೆಗೆ ಎಸೆಯದೆ, ಪೂರ್ತಿ ಒಣಗಿಸಿ ಅಥವಾ ಸಣ್ಣಗೆ ಕತ್ತರಿಸಿ ಗೊಬ್ಬರದ ಗುಂಡಿಯ ಆಳಕ್ಕೆ ಹಾಕಬೇಕು.

ಕೊಯ್ಯುವವರು ಗಮನಿಸಬೇಕಾದದ್ದೇನು?

ಮಂಡಿಯವರೆಗಿನ ಬೂಟು ಮತ್ತು ಕೈಗವಸು ಇಲ್ಲದೆ ಇಳಿಯಬಾರದು. ಒಡೆದ ಗಾಜು, ಹಾವು, ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಇವು ಅಲ್ಲಿ ಇದ್ದೇ ಇರುತ್ತವೆ. ಕೈಕಾಲಿನಲ್ಲಿ ಗಾಯವಿದ್ದಾಗ ಕೊಳಚೆ ನೀರಿಗೆ ಇಳಿಯುವುದು ಸರ್ವಥಾ ಕೂಡದು. ತಂದ ಹುಲ್ಲಿನಲ್ಲಿ ಪ್ಲಾಸ್ಟಿಕ್ ಚೀಲ, ತಂತಿ, ಮೊಳೆಗಳಿಗಾಗಿ ಕೈಯಾಡಿಸಿ ನೋಡುವುದು ಬೇಸರದ ಕೆಲಸವೇ ಸರಿ. ಆದರೆ ಹುಲ್ಲಿನೊಂದಿಗೆ ಹೊಟ್ಟೆ ಸೇರಿದ ಒಂದು ತಂತಿ ಜಠರದ ಗೋಡೆ ತೂರಿ ಹೃದಯದ ಚೀಲವನ್ನು ತಲುಪಿದ ಮೇಲೆ ಹಸುವನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಯಾರ ಅನುಮತಿ ಬೇಕು?

ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರದು. ಗ್ರಾಮ ಪಂಚಾಯಿತಿ, ಸಣ್ಣ ನೀರಾವರಿ ಇಲಾಖೆ, ನಗರದಲ್ಲಿ ಪಾಲಿಕೆ, ಹೀಗೆ ಒಂದೊಂದು ಕೆರೆಗೆ ಒಬ್ಬೊಬ್ಬರು. ಮೀನು ಸಾಕಣೆಗೆ ಗುತ್ತಿಗೆ ಕೊಟ್ಟ ಕೆರೆಯಾದರೆ ಗುತ್ತಿಗೆದಾರರೊಂದಿಗೂ ಮಾತಾಡಿಕೊಳ್ಳುವುದು ಜಗಳ ತಪ್ಪಿಸುತ್ತದೆ. ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಒಂದು ಬದಿಯನ್ನು ಕೊಯ್ಯದೆ ಬಿಡುವ ಒಪ್ಪಂದವನ್ನೂ ಆಗಲೇ ಮಾಡಿಕೊಳ್ಳಬಹುದು.

ಹುಲ್ಲನ್ನು ಎಲ್ಲಿ, ಹೇಗೆ ಪರೀಕ್ಷೆ ಮಾಡಿಸುವುದು?

ಮೊದಲು ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ನೈಟ್ರೇಟ್ ಇದೆಯೇ ಎಂದು ತಿಳಿಯಲು ಡೈಫಿನೈಲ್‌ಅಮೀನ್ ದ್ರಾವಣದ ಸರಳ ಪರೀಕ್ಷೆಯಿದೆ. ಸೀಳಿದ ಕಾಂಡದ ಮೇಲೆ ಹನಿ ಬಿಟ್ಟಾಗ ಕಡುನೀಲಿ ಬಣ್ಣ ಬಂದರೆ ಹುಲ್ಲನ್ನು ತಡೆಹಿಡಿಯಬೇಕು. ದ್ರಾವಣದಲ್ಲಿ ಗಂಧಕಾಮ್ಲ ಇರುವುದರಿಂದ ಇದನ್ನು ವೈದ್ಯರೇ ಮಾಡಬೇಕು. ಲೋಹಗಳ ಪರೀಕ್ಷೆ ಪ್ರಯೋಗಾಲಯದಲ್ಲೇ ಆಗಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಗಳಲ್ಲಿ ವಿಚಾರಿಸಿ ಶುಲ್ಕ ಮತ್ತು ಮಾದರಿಯ ಪ್ರಮಾಣ ತಿಳಿದುಕೊಳ್ಳಬೇಕು.

ಮಾದರಿ ತೆಗೆಯುವಾಗ ಕೆರೆಯ ಒಂದೇ ಮೂಲೆಯಿಂದ ಹುಲ್ಲು ಕೀಳದೆ, ಕೊಳಚೆ ಸೇರುವ ಬಾಯಿ, ನಡುವಿನ ಅಂಚು, ತೂಬಿನ ಬದಿ, ಹೀಗೆ ಕೆಲವು ಕಡೆಯಿಂದ ಬೇರೆಬೇರೆಯಾಗಿ ತೆಗೆದು, ಜಾಗ ಮತ್ತು ದಿನಾಂಕ ಬರೆದು, ಕಾಗದದ ಚೀಲದಲ್ಲಿ ಅದೇ ದಿನ ತಲುಪಿಸಬೇಕು. ಊರಿನ ಹಾಲು ಉತ್ಪಾದಕರ ಸಂಘದ ಸದಸ್ಯರು ಸೇರಿ ಒಂದು ಕೆರೆಗೆ ಒಂದು ಪರೀಕ್ಷೆಯಂತೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ನೈಟ್ರೇಟಿನ ಮಟ್ಟ ಹವೆಯೊಂದಿಗೆ ಏರಿಳಿಯುವುದರಿಂದ ಅದನ್ನು ಮಳೆಗಾಲದ ಆರಂಭದಲ್ಲಿ ಮತ್ತೆ ನೋಡಿಸಬೇಕು. ಲೋಹಗಳ ಫಲಿತಾಂಶವನ್ನು ಕೆರೆಗೆ ಹೊಸ ಕಾಲುವೆ ಸೇರುವವರೆಗೆ ಅಥವಾ ಹೂಳೆತ್ತುವವರೆಗೆ ನೆಚ್ಚಬಹುದು.